ಚೀನಾದ ಕಾಡುಗಳಲ್ಲಿ ಒಬ್ಬ ಗುರು

ಸೃಷ್ಟಿಯನ್ನು ಅರಿಯುವುದೂ ಒಂದು ಆರಾಧನೆಯೆಂದು ಬಾಳಿದ ಫಾದರ್ ಅರ್ಮಾಂ ದವೀದರನ್ನು ಈ ವಾರ ನಾವು ಸ್ಮರಿಸೋಣ.

1826ರಲ್ಲಿ ಫ್ರಾನ್ಸಿನ ಬಾಸ್ಕ್ ಸೀಮೆಯ ಎಸ್ಪೆಲೆತ್ ಗ್ರಾಮದಲ್ಲಿ ಜನಿಸಿದ ಅವರು ಸಂತ ವಿನ್ಸೆಂಟ್ ದೆ ಪಾಲರ ಸಭೆಯನ್ನು ಸೇರಿ, ಗುರುದೀಕ್ಷೆ ಪಡೆದು, 1862ರಲ್ಲಿ ಪೀಕಿಂಗಿಗೆ ತೆರಳಿದರು. 1865ರಲ್ಲಿ ಚಕ್ರವರ್ತಿಯ ಬೇಟೆವನದ ಗೋಡೆಯ ಮೇಲಿಂದ ಇಣುಕಿದಾಗ, ಪಾಶ್ಚಾತ್ಯ ವಿಜ್ಞಾನವು ಅರಿಯದಿದ್ದ ಮಿಲು ಎಂಬ ಜಿಂಕೆಗಳ ಹಿಂಡು ಅವರ ಕಣ್ಣಿಗೆ ಬಿದ್ದಿತು. 1866ರಿಂದ 1874ರವರೆಗೆ ಮೂರು ಸಂಶೋಧನಾ ಯಾತ್ರೆಗಳನ್ನು ಕೈಗೊಂಡರು. 1869ರಲ್ಲಿ ಸಿಚುವಾನಿನ ಬೆಟ್ಟಗಳಿಂದ ದೈತ್ಯ ಪಾಂಡಾವನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. 1877ರಲ್ಲಿ ಊಸ್ತಲೆ ಅವರೊಡಗೂಡಿ ಚೀನಾದ ಹಕ್ಕಿಗಳನ್ನು ಕುರಿತ ಗ್ರಂಥವನ್ನು ಹೊರತಂದರು.

ಆ ಕಾಲದಲ್ಲಿ ಪ್ರಾಣಿಯನ್ನು ಅಭ್ಯಸಿಸಲು ಅದನ್ನು ಕೊಂದು ಚರ್ಮವನ್ನು ಸಂಗ್ರಹಾಲಯಕ್ಕೆ ಕಳುಹಿಸುವುದೇ ರೂಢಿ. ದವೀದರೂ ಇದಕ್ಕೆ ಹೊರತಾಗಿರಲಿಲ್ಲ. ಆದರೂ ಚೀನಾದ ಅರಣ್ಯಗಳು ಕೊಡಲಿಗೆ ಬಲಿಯಾಗುವುದನ್ನು ಕಂಡು ತಮ್ಮ ದಿನಚರಿಯಲ್ಲಿ ಮರುಗಿದರು.

1900ರ ನವೆಂಬರಿನಲ್ಲಿ ಅವರು ಪ್ಯಾರಿಸ್ಸಿನಲ್ಲಿ ನಿಧನರಾದರು. ಪ್ರವಾಹದಿಂದ ಆ ಮೊದಲೇ ಕ್ಷೀಣಿಸಿದ್ದ ಬೇಟೆವನದ ಜಿಂಕೆಗಳು ಅದೇ ವರ್ಷದ ದಂಗೆಯಲ್ಲಿ ಹತವಾದವು. ಆದರೆ ಯೂರೋಪಿಗೆ ಹೋಗಿದ್ದ ಕೆಲವು ಜಿಂಕೆಗಳ ಸಂತತಿ ಇಂಗ್ಲೆಂಡಿನ ವೋಬರ್ನ್ ಉದ್ಯಾನದಲ್ಲಿ ಉಳಿದು, 1985ರಲ್ಲಿ ಅದೇ ಬೇಟೆವನದ ನೆಲಕ್ಕೆ ಮರಳಿತು.

ಅರಿವು ಒಡೆತನದ ಹಂಬಲವಾದರೆ ಕೊಲ್ಲುತ್ತದೆ, ಹೊಣೆಯಾದರೆ ಕಾಯುತ್ತದೆ. ದವೀದರ ಬಾಳಿನಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇದ್ದವು. ಸೃಷ್ಟಿಕರ್ತನ ಕೈಕೆಲಸವನ್ನು ದಿನವೂ ನೋಡುವ ನಾವು ಯಾವುದನ್ನು ಆರಿಸಿಕೊಂಡಿದ್ದೇವೆ?