ಒಟ್ಟೊ ವಾರ್‌ಬರ್ಗ್: ಜೀವಕೋಶದ ಉಸಿರನ್ನು ಅಳೆದವರು

ರಾಗಿ ಅಂಬಲಿ ರಾತ್ರಿ ಕಳೆದರೆ ಹುಳಿಯಾಗುತ್ತದೆ. ಹೆಪ್ಪು ಹಾಕಿದ ಹಾಲು ಮೊಸರಾಗುತ್ತದೆ. ಡೆಂಕಣಿಕೋಟೆಯ ಯಾವ ಮನೆಯಲ್ಲಿಯೂ ಇದು ಸೋಜಿಗದ ಸಂಗತಿಯಲ್ಲ. ಸೂಕ್ಷ್ಮಜೀವಿಗಳು ಗಾಳಿಯ ನೆರವಿಲ್ಲದೆಯೇ ಸಕ್ಕರೆಯನ್ನು ಒಡೆದು ಲ್ಯಾಕ್ಟಿಕ್ ಆಮ್ಲವನ್ನು ಮಾಡುವುದರಿಂದ ಈ ಹುಳಿ ಹುಟ್ಟುತ್ತದೆ. ಇದೇ ಆಮ್ಲವನ್ನು ಕ್ಯಾನ್ಸರ್ ಗಡ್ಡೆಯಲ್ಲಿ ಕಂಡು, ಅದರ ಅರ್ಥವನ್ನು ಹುಡುಕುತ್ತ ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದ ವಿಜ್ಞಾನಿ ಒಟ್ಟೊ ವಾರ್‌ಬರ್ಗ್. ಅವರು ಕಂಡದ್ದು ಇಂದಿಗೂ ಸತ್ಯವಾಗಿ ಉಳಿದಿದೆ. ಅದಕ್ಕೆ ಅವರು ಕೊಟ್ಟ ಕಾರಣವನ್ನು ಮಾತ್ರ ಮುಂದಿನ ತಲೆಮಾರು ತಿದ್ದಬೇಕಾಯಿತು.

ವಾರ್‌ಬರ್ಗ್ 1883ರ ಅಕ್ಟೋಬರ್ 8ರಂದು ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಜನಿಸಿದರು. ತಂದೆ ಎಮಿಲ್ ವಾರ್‌ಬರ್ಗ್ ಯಹೂದಿ ಮನೆತನದಲ್ಲಿ ಹುಟ್ಟಿದ ಹೆಸರಾಂತ ಭೌತವಿಜ್ಞಾನಿ. ತಾಯಿ ಎಲಿಸಬೆತ್ ಕ್ರೈಸ್ತ ಮನೆತನದವರು. ಬರ್ಲಿನ್ನಿನ ಮನೆಗೆ ಆ ಕಾಲದ ದೊಡ್ಡ ವಿಜ್ಞಾನಿಗಳು ಬಂದುಹೋಗುತ್ತಿದ್ದುದರಿಂದ ಬಾಲಕನಿಗೆ ವಿಜ್ಞಾನವು ಮನೆಮಾತಿನಷ್ಟೇ ಸಹಜವಾಯಿತು. ಎಮಿಲ್ ಫಿಷರ್ ಅವರ ಬಳಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ 1906ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ವೈದ್ಯಶಾಸ್ತ್ರದ ಕಡೆಗೆ ತಿರುಗಿ 1911ರಲ್ಲಿ ಹೈಡೆಲ್‌ಬರ್ಗಿನಿಂದ ವೈದ್ಯ ಪದವಿಯನ್ನೂ ಗಳಿಸಿದರು. ಭೌತಶಾಸ್ತ್ರದ ಅಳತೆ, ರಸಾಯನಶಾಸ್ತ್ರದ ವಿಶ್ಲೇಷಣೆ, ವೈದ್ಯನ ಕಾಳಜಿ ಈ ಮೂರೂ ಅವರಲ್ಲಿ ಹೀಗೆ ಒಂದುಗೂಡಿದವು.

ವಿದ್ಯಾರ್ಥಿದೆಸೆಯಲ್ಲಿಯೇ ಅವರು ಇಟಲಿಯ ನೇಪಲ್ಸ್ ನಗರದ ಕಡಲಜೀವಿಗಳ ಸಂಶೋಧನಾಲಯದಲ್ಲಿ ಸಮುದ್ರದ ಮುಳ್ಳುಜೀವಿಯೊಂದರ ಮೊಟ್ಟೆಗಳನ್ನು ಪರೀಕ್ಷಿಸಿದ್ದರು. ಮೊಟ್ಟೆ ಫಲಿತವಾದೊಡನೆ ಅದು ಬಳಸುವ ಆಮ್ಲಜನಕ ಹಲವು ಪಟ್ಟು ಏರುವುದನ್ನು 1908ರಲ್ಲಿ ತೋರಿಸಿದರು. ಬೆಳವಣಿಗೆಗೂ ಉಸಿರಿಗೂ ನಂಟಿದೆಯೆಂಬುದು ಅಲ್ಲಿ ಖಚಿತವಾಯಿತು. ಹಾಗಾದರೆ ಅಂಕೆಯಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶ ಹೇಗೆ ಉಸಿರಾಡುತ್ತದೆ ಎಂಬ ಪ್ರಶ್ನೆ ಅಂದಿನಿಂದ ಅವರ ಬೆನ್ನು ಬಿಡಲಿಲ್ಲ.

ಮೊದಲನೆಯ ಮಹಾಯುದ್ಧ ಈ ಕೆಲಸವನ್ನು ತಡೆಯಿತು. ವಾರ್‌ಬರ್ಗ್ ತಾವಾಗಿಯೇ ಅಶ್ವಸೈನ್ಯವನ್ನು ಸೇರಿ, ಗಾಯಗೊಂಡು, ಶೌರ್ಯಪದಕವನ್ನೂ ಪಡೆದರು. 1918ರಲ್ಲಿ, ತಂದೆಯ ಸ್ನೇಹಿತರಾಗಿದ್ದ ಆಲ್ಬರ್ಟ್ ಐನ್‌ಸ್ಟೈನ್ ಪತ್ರ ಬರೆದು, ಇಂತಹ ಪ್ರತಿಭೆ ರಣರಂಗದಲ್ಲಿ ವ್ಯರ್ಥವಾಗಬಾರದೆಂದು ಅವರನ್ನು ಪ್ರಯೋಗಶಾಲೆಗೆ ಹಿಂದಿರುಗುವಂತೆ ಒತ್ತಾಯಿಸಿದರು. ಬರ್ಲಿನ್ನಿನ ಡಾಲೆಮ್ ಬಡಾವಣೆಯಲ್ಲಿ ಸಂಶೋಧನೆ ಮತ್ತೆ ಮೊದಲಾಯಿತು.

ಅವರ ಮುಖ್ಯ ಸಾಧನ ಸರಳವಾದದ್ದು. ಅಂಗಾಂಶವನ್ನು ಅರ್ಧ ಮಿಲಿಮೀಟರಿಗಿಂತ ತೆಳುವಾಗಿ ಸೀಳಿ, ಬೆಚ್ಚಗಿನ ನೀರಿನಲ್ಲಿ ಇರಿಸಿದ ಪುಟ್ಟ ಗಾಜಿನ ಪಾತ್ರೆಯೊಳಗೆ ಹಾಕುತ್ತಿದ್ದರು. ಪಾತ್ರೆಗೆ ಜೋಡಿಸಿದ ಕೊಳವೆಯಲ್ಲಿ ದ್ರವದ ಮಟ್ಟ ಏರಿಳಿದಂತೆ, ಕೋಶಗಳು ಎಷ್ಟು ಆಮ್ಲಜನಕವನ್ನು ಸೇವಿಸಿದವೆಂಬುದು ತಿಳಿಯುತ್ತಿತ್ತು. 1923ರ ಸುಮಾರಿಗೆ ಇಲಿಯ ಗಡ್ಡೆಯನ್ನು ಹೀಗೆ ಅಳೆದಾಗ ನಿರೀಕ್ಷಿಸದ ಫಲ ದೊರೆಯಿತು. ಆರೋಗ್ಯವಂತ ಕೋಶವು ಆಮ್ಲಜನಕ ದೊರೆತಾಗ ಸಕ್ಕರೆಯನ್ನು ಪೂರ್ಣವಾಗಿ ಉರಿಸಿ ಹೆಚ್ಚು ಶಕ್ತಿಯನ್ನು ಪಡೆಯುತ್ತದೆ. ಗಡ್ಡೆಯ ಕೋಶವಾದರೋ, ಆಮ್ಲಜನಕ ಧಾರಾಳವಾಗಿದ್ದಾಗಲೂ ಸಕ್ಕರೆಯನ್ನು ಅರೆಬರೆಯಾಗಿ ಒಡೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತಿತ್ತು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಗ್ಲೂಕೋಸಿನ ಒಂದು ಅಣುವಿನಿಂದ ಎ.ಟಿ.ಪಿ. ಎಂಬ ಶಕ್ತಿನಾಣ್ಯಗಳು ಮೊದಲ ದಾರಿಯಲ್ಲಿ ಸುಮಾರು 30 ದೊರೆತರೆ, ಎರಡನೆಯ ದಾರಿಯಲ್ಲಿ ದೊರೆಯುವುದು 2 ಮಾತ್ರ. ಈ ವಿಲಕ್ಷಣ ನಡವಳಿಕೆಗೆ ಇಂದು ವಾರ್‌ಬರ್ಗ್ ಪರಿಣಾಮ ಎಂಬ ಹೆಸರಿದೆ.

ಕೋಶವು ಆಮ್ಲಜನಕವನ್ನು ಹೇಗೆ ಬಳಸಿಕೊಳ್ಳುತ್ತದೆಂಬುದನ್ನೂ ಅವರು ಬಿಡಿಸಿದರು. ಕಾರ್ಬನ್ ಮಾನಾಕ್ಸೈಡ್ ಅನಿಲವು ಕೋಶದ ಉಸಿರಾಟವನ್ನು ತಡೆಯುತ್ತದೆ. ಬೆಳಕು ಬಿದ್ದರೆ ಆ ತಡೆ ಸಡಿಲವಾಗುತ್ತದೆ. ಯಾವ ಬಣ್ಣದ ಬೆಳಕಿಗೆ ಎಷ್ಟು ಸಡಿಲವಾಗುತ್ತದೆಂದು ಅಳೆದು, ಉಸಿರಾಟದ ಕಿಣ್ವದಲ್ಲಿ ರಕ್ತದ ಹೀಮಿನಂತೆ ಕಬ್ಬಿಣವುಳ್ಳ ಘಟಕವಿದೆಯೆಂದು ಸಾಧಿಸಿದರು. 1931ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಅದೇ ಕಾಲಕ್ಕೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಡಾಲೆಮ್‌ನಲ್ಲಿ ಅವರಿಗಾಗಿಯೇ ಸಂಶೋಧನಾಲಯವೊಂದು ಎದ್ದು ನಿಂತಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಹಿಟ್ಲರನ ಆಡಳಿತ ಬಂದಿತು. ವಾರ್‌ಬರ್ಗ್ ಅವರ ಶಿಷ್ಯ ಹಾನ್ಸ್ ಕ್ರೆಬ್ಸ್ ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ಉದ್ಯೋಗವನ್ನು ಕಳೆದುಕೊಂಡು ಇಂಗ್ಲೆಂಡನ್ನು ಸೇರಿದರು. ಗುರು ಮಾತ್ರ ಕದಲಲಿಲ್ಲ. ಕಟ್ಟಿದ ಪ್ರಯೋಗಶಾಲೆಯನ್ನು ಬಿಟ್ಟುಹೋಗಲು ಅವರು ಒಪ್ಪಲಿಲ್ಲ. 1941ರಲ್ಲಿ ಅವರನ್ನೂ ಹುದ್ದೆಯಿಂದ ತೆಗೆಯಲಾಯಿತು. ಕೆಲವೇ ವಾರಗಳಲ್ಲಿ, ಕ್ಯಾನ್ಸರ್ ಸಂಶೋಧನೆಯನ್ನು ಮುಂದುವರಿಸಲೆಂದು ಮರಳಿ ನೇಮಿಸಲಾಯಿತು. ಯಾವ ರೋಗದ ರಹಸ್ಯವನ್ನು ಅವರು ಹುಡುಕುತ್ತಿದ್ದರೋ ಆ ರೋಗದ ಭಯವೇ ಅವರ ಪ್ರಾಣವನ್ನು ಕಾಯಿತು. ಸಹೋದ್ಯೋಗಿಗಳು ದೇಶಭ್ರಷ್ಟರಾಗುತ್ತಿದ್ದಾಗ ಅವರು ಅಲ್ಲಿಯೇ ಉಳಿದದ್ದನ್ನು ಹೊರದೇಶದ ಹಲವರು ಸುಲಭವಾಗಿ ಮನ್ನಿಸಲಿಲ್ಲ.

ಯುದ್ಧಾನಂತರ ಅವರ ವಾದ ಇನ್ನಷ್ಟು ಬಿಗಿಯಾಯಿತು. ಕೋಶದ ಉಸಿರಾಟಕ್ಕೆ ಸರಿಪಡಿಸಲಾಗದ ಪೆಟ್ಟು ಬೀಳುವುದೇ ಎಲ್ಲ ಕ್ಯಾನ್ಸರಿಗೂ ಮೂಲವೆಂದೂ, ಉಳಿದ ಕಾರಣಗಳೆಲ್ಲ ಈ ಪೆಟ್ಟಿಗೆ ದಾರಿಗಳಷ್ಟೇ ಎಂದೂ 1956ರಲ್ಲಿ ಪ್ರತಿಪಾದಿಸಿದರು. ಅದೇ ವರ್ಷ ಅಮೆರಿಕದ ಸಿಡ್ನಿ ವೈನ್‌ಹೌಸ್ ಇದನ್ನು ವಿರೋಧಿಸಿ, ಅನೇಕ ಗಡ್ಡೆಗಳಲ್ಲಿ ಉಸಿರಾಟದ ವ್ಯವಸ್ಥೆ ಕೆಡದೆ ಉಳಿದಿರುತ್ತದೆಂದು ತೋರಿಸಿದರು. ವಾರ್‌ಬರ್ಗ್ ಮಣಿಯಲಿಲ್ಲ. ಹೊರಗಿನ ಕಾರಣಗಳ ಹುಡುಕಾಟ ಬೇರೆಡೆ ನಡೆದಿತ್ತು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಹೊಗೆಗೂಡು ಗುಡಿಸುವವರ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಹೇಳಿದ್ದರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ವಿ. ಆರ್. ಖಾನೋಲ್ಕರ್ 1940ರ ದಶಕದಲ್ಲಿ ಬಾಯಿಯ ಕ್ಯಾನ್ಸರಿಗೂ ಹೊಗೆಸೊಪ್ಪು ಜಗಿಯುವ ರೂಢಿಗೂ ಇರುವ ನಂಟನ್ನು ಬಿಡಿಸುತ್ತಿದ್ದರು.

ತಾವು ಕಂಡದ್ದನ್ನು ವಾರ್‌ಬರ್ಗ್ ಬದುಕಿನಲ್ಲಿಯೂ ಪಾಲಿಸಿದರು. ಆಹಾರದಲ್ಲಿ ಬೆರೆಯುವ ರಾಸಾಯನಿಕಗಳಿಗೆ ಹೆದರಿ ಮನೆಯಲ್ಲಿ ಮಾಡಿದ ಬ್ರೆಡ್ಡನ್ನೂ ತಮ್ಮ ತೋಟದ ತರಕಾರಿಯನ್ನೂ ತಿನ್ನುತ್ತಿದ್ದರು. ಮದುವೆಯಾಗದೆ, ಕುದುರೆ ಸವಾರಿ ಮತ್ತು ಪ್ರಯೋಗಶಾಲೆಗಳ ನಡುವೆ ಬದುಕಿ, 1970ರ ಆಗಸ್ಟ್ 1ರಂದು ಬರ್ಲಿನ್ನಿನಲ್ಲಿ ಕಣ್ಮುಚ್ಚಿದರು. ಸ್ವತಃ ನೊಬೆಲ್ ಪಡೆದಿದ್ದ ಕ್ರೆಬ್ಸ್ ಮುಂದೆ ಗುರುವಿನ ಜೀವನಚರಿತ್ರೆಯನ್ನು ಬರೆದರು. ಗುರುವಿನ ಹಿರಿಮೆಯನ್ನು ಎತ್ತಿ ಹಿಡಿಯುತ್ತಲೇ, ಅವರ ವಿವರಣೆ ಅತಿ ಸರಳವಾಯಿತೆಂದೂ ಕ್ಯಾನ್ಸರಿನ ಬೇರನ್ನು ವಂಶವಾಹಿಗಳ ಹತೋಟಿಯಲ್ಲಿ ಹುಡುಕಬೇಕೆಂದೂ ನಿಷ್ಠುರವಾಗಿ ದಾಖಲಿಸಿದರು.

ಶಿಷ್ಯನ ಸೂಚನೆ ಸರಿಯಾದ ದಿಕ್ಕಿನಲ್ಲಿಯೇ ಇತ್ತು. ದೇಹದ ಬಹುಪಾಲು ಕೋಶಗಳಲ್ಲಿರುವುದು ಒಂದೇ ವಂಶವಾಹಿ ಸಂಪುಟ; ಯಾವ ಕೋಶದಲ್ಲಿ ಯಾವ ಪುಟ ತೆರೆಯಬೇಕೆಂಬುದೇ ಹತೋಟಿ. ಎಚ್.ಐ.ಎಫ್.-1 ಎಂಬ ಪ್ರೋಟೀನ್ ಜೋಡಿಯನ್ನು 1990ರ ದಶಕದಲ್ಲಿ ಗ್ರೆಗ್ ಸೆಮೆಂಝಾ ಗುರುತಿಸಿದರು. ಆಮ್ಲಜನಕ ಸಾಕಷ್ಟಿದ್ದರೆ ಈ ಜೋಡಿಯ ಒಂದು ಪ್ರೋಟೀನಿಗೆ ಗುರುತು ಬಿದ್ದು ಅದು ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಅದು ಉಳಿದುಕೊಂಡು, ಕೋಶಕೇಂದ್ರವನ್ನು ಹೊಕ್ಕು, ಎ.ಆರ್.ಎನ್.ಟಿ. ಎಂಬ ಜೊತೆಗಾರನೊಡನೆ ಕೂಡಿ, ಸಕ್ಕರೆಯನ್ನು ಸೆಳೆಯುವ, ಲ್ಯಾಕ್ಟಿಕ್ ಆಮ್ಲ ಮಾಡುವ, ಹೊಸ ರಕ್ತನಾಳಗಳನ್ನು ಬೆಳೆಸುವ ವಂಶವಾಹಿಗಳನ್ನು ತೆರೆಯುತ್ತದೆ. ವೇಗವಾಗಿ ಬೆಳೆಯುವ ಗಡ್ಡೆಯ ಒಳಭಾಗಕ್ಕೆ ರಕ್ತ ತಲುಪದೆ ಉಸಿರು ಕಟ್ಟಿದಾಗ ನಡೆಯುವುದು ಇದೇ. ಕೆಲವು ಗಡ್ಡೆಗಳಲ್ಲಿ ವಂಶವಾಹಿಗಳೇ ಕೆಟ್ಟು, ಆಮ್ಲಜನಕವಿದ್ದಾಗಲೂ ಈ ಪುಟ ತೆರೆದೇ ಇರುತ್ತದೆ. ಈ ಮರ್ಮವನ್ನು ಬಿಡಿಸಿದ ಸೆಮೆಂಝಾ, ಪೀಟರ್ ರಾಟ್‌ಕ್ಲಿಫ್, ವಿಲಿಯಂ ಕೇಲಿನ್ ಅವರಿಗೆ 2019ರ ನೊಬೆಲ್ ದೊರೆಯಿತು.

ಮಾಲಿನ್ಯದ ಕಥೆಯೂ ಅದೇ ಜೊತೆಗಾರನ ಬಳಿಗೆ ಬರುತ್ತದೆ. ಸೌದೆ ಒಲೆ, ಬೀಡಿ, ಹೊಸೂರು ದಾರಿಯ ಲಾರಿಗಳ ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ವಸ್ತುವಿದೆ. ಅದು ಕೋಶದೊಳಗಿನ ಗ್ರಾಹಕ ಪ್ರೋಟೀನೊಂದಕ್ಕೆ ಅಂಟಿದಾಗ, ಆ ಗ್ರಾಹಕವೂ ಎ.ಆರ್.ಎನ್.ಟಿ.ಯೊಡನೆಯೇ ಕೂಡಿ ವಿಷವನ್ನು ಹೊರಹಾಕುವ ಕಿಣ್ವಗಳ ವಂಶವಾಹಿಗಳನ್ನು ತೆರೆಯುತ್ತದೆ. ಹೊರಹಾಕುವ ಆ ಯತ್ನದಲ್ಲಿಯೇ ಬೆಂಜೊಪೈರೀನ್ ಇನ್ನಷ್ಟು ತೀವ್ರವಾದ ರೂಪ ತಾಳಿ ಡಿ.ಎನ್.ಎ.ಗೆ ಅಂಟಿಕೊಂಡು ಅದನ್ನು ಕೆಡಿಸಬಲ್ಲದು. ಉಸಿರಿನ ಕೊರತೆಯೂ ಹೊಗೆಯ ವಿಷವೂ ಹೀಗೆ ಒಂದೇ ಜೊತೆಗಾರನನ್ನು ಹಂಚಿಕೊಳ್ಳುವುದರಿಂದ, ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳಬಲ್ಲದು.

ಆಮ್ಲಜನಕದ ಕಡೆಯಿಂದ ವಾರ್‌ಬರ್ಗ್, ಮಸಿ ಮತ್ತು ಹೊಗೆಸೊಪ್ಪಿನ ಕಡೆಯಿಂದ ಪಾಟ್, ಖಾನೋಲ್ಕರ್ ಹೊರಟ ದಾರಿಗಳು ಕೋಶಕೇಂದ್ರದ ಬಾಗಿಲಲ್ಲಿ ಸಂಧಿಸಿದವು. ಆ ಬಾಗಿಲ ತನಕ ಬಂದೂ ವಾರ್‌ಬರ್ಗ್ ಒಳಗೆ ಇಣುಕಲಿಲ್ಲ. ಆದರೂ ಅವರ ಅಳತೆ ಸುಳ್ಳಾಗಲಿಲ್ಲ. ಕ್ಯಾನ್ಸರ್ ಕೋಶದ ಈ ಸಕ್ಕರೆಯ ಹಸಿವನ್ನೇ ಆಧರಿಸಿ, ಇಂದು ಆಸ್ಪತ್ರೆಗಳ ಪೆಟ್ ಸ್ಕ್ಯಾನ್ ಯಂತ್ರಗಳು ದೇಹದಲ್ಲಿ ಗಡ್ಡೆ ಅಡಗಿರುವ ಜಾಗವನ್ನು ಪತ್ತೆಮಾಡುತ್ತಿವೆ.