ಪಾಮರ್ ಮತ್ತು ಬೆನ್ನಿನ ನೆಟಿಕೆ
ಡೊಂಬಿವಲಿ ಲೋಕಲ್‌ನಲ್ಲಿ ನಿಂತೂ ನಿಂತೂ ಕತ್ತು ಹಿಡಿದುಕೊಂಡಾಗ ಗೆಳತಿ ಕೈರೋಪ್ರಾಕ್ಟರ್ ಹತ್ತಿರ ಹೋಗು ಎಂದಳು. ಹೋಗುವ ಮೊದಲು ಆ ವಿದ್ಯೆಯ ಮೂಲಪುರುಷನ ಕಥೆ ಓದಿದೆ.

ಕೆನಡಾದಲ್ಲಿ 1845ರಲ್ಲಿ ಹುಟ್ಟಿದ ಡೇನಿಯಲ್ ಡೇವಿಡ್ ಪಾಮರ್ ಅಮೆರಿಕಕ್ಕೆ ಬಂದು ಮೇಷ್ಟ್ರಾದರು, ದಿನಸಿ ಅಂಗಡಿ ನಡೆಸಿದರು, ಆಮೇಲೆ ಡೇವನ್‌ಪೋರ್ಟ್‌ನಲ್ಲಿ ಕೈಸ್ಪರ್ಶದ ಚಿಕಿತ್ಸೆಗೆ ಇಳಿದರು. 1895ರಲ್ಲಿ ಹಾರ್ವೆ ಲಿಲ್ಲಾರ್ಡ್ ಎಂಬ ಕಟ್ಟಡದ ಕೆಲಸಗಾರರ ಬೆನ್ನುಮೂಳೆ ಒತ್ತಿ ಕಿವುಡು ಹೋಗಿಸಿದೆನೆಂದರು. ಜಾರಿದ ಮೂಳೆ ನರವನ್ನು ಅದುಮುವುದೇ ಬಹುಪಾಲು ರೋಗಗಳ ಮೂಲ ಎಂಬುದು ಅವರ ವಾದ. ಆದರೆ ಕಿವಿಯ ನರ ಬೆನ್ನುಮೂಳೆಯೊಳಗೆ ಹಾಯುವುದೇ ಇಲ್ಲವಲ್ಲ! ಪರವಾನಗಿಯಿಲ್ಲದ ವೈದ್ಯಕ್ಕಾಗಿ 1906ರಲ್ಲಿ ಜೈಲು ಕಂಡರು, 1913ರಲ್ಲಿ ತೀರಿಕೊಂಡರು.

ಆ ‘ಟಕ್’ ಸದ್ದು ಕೀಲಿನ ದ್ರವದೊಳಗಿನ ಅನಿಲದ್ದು. ಸೊಂಟನೋವು ಕೆಲವರಿಗೆ ಇದರಿಂದ ಇಳಿಯುವುದುಂಟು. ಕತ್ತು ಝಾಡಿಸಿದಾಗ ರಕ್ತನಾಳ ಹರಿದು, ಅಪರೂಪಕ್ಕಾದರೂ, ಪಾರ್ಶ್ವವಾಯು ಬಡಿದದ್ದೂ ಇದೆ. ನಾನು ಮೂಳೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.