ಬರ್ಟ್ ಮನ್ರೋ: ಮನೆ ಗ್ಯಾರೇಜಿನಿಂದ 296 ಕಿ.ಮೀ. ವೇಗದವರೆಗೆ

ಗೆಳೆಯರೆ, ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಈ ಮನುಷ್ಯನ ಕಥೆಯನ್ನು ಕನ್ನಡದಲ್ಲೇ ಬರೀಬೇಕು ಅನಿಸಿತು. ಯಾಕಂದ್ರೆ ಇದನ್ನು ನಾನು ಮೊದಲ ಸಲ ಹೇಳಿದ್ದು ಗಜೇಂದ್ರಗಡದ ನಮ್ಮ ಮನೆ ಹಿತ್ತಲಲ್ಲಿ, ನಮ್ಮ ಅಜ್ಜನಿಗೆ.

ಆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅಜ್ಜನ ಯಜ್ಡಿ ಬೈಕ್ ನಿಂತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಆ ಕಾರ್ಖಾನೆ 1961ರಲ್ಲಿ ಬೈಕ್ ಮಾಡಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಜ್ಜ ಇದರ ಮೇಲೆ ರೋಣದ ಸಂತೆಗೆ ಹೋಗ್ತಿದ್ದ, ನರಗುಂದದ ಬೀಗರ ಮನೆಗೆ ಹೋಗ್ತಿದ್ದ, ಎರಿ ಹೊಲದ ಹಸಿ ಕೆಸರಿನಲ್ಲಿ ಸಿಕ್ಕಿಬಿದ್ದು ತಳ್ಳಿಕೊಂಡೂ ಬರ್ತಿದ್ದ. ಎಂಜಿನ್ ಸೀಜ್ ಆಗಿ ಹತ್ತು ವರ್ಷದ ಮೇಲಾಯ್ತು. ಕಳೆದ ದೀಪಾವಳಿ ರಜೆಯಲ್ಲಿ ಅಪ್ಪ ಅದನ್ನು ಗುಜರಿಗೆ ಹಾಕಿಬಿಡೋಣ ಅಂದರು. ಅಜ್ಜ ಏನೂ ಮಾತಾಡಲಿಲ್ಲ, ಎದ್ದು ಒಳಗೆ ಹೋದ. ಆವಾಗ ನಾನು ದೊಡ್ಡ ಮೆಕ್ಯಾನಿಕಲ್ ಎಂಜಿನಿಯರ್ ತರ, ನಾನೇ ಬಿಚ್ಚಿ ಜೋಡಿಸ್ತೀನಿ ಅಂತ ಹೇಳಿಬಿಟ್ಟೆ. ಆ ಕಥೆ ಕೊನೆಗೆ ಹೇಳ್ತೀನಿ. ಮೊದಲು ಬರ್ಟ್ ಮನ್ರೋ.

ಹರ್ಬರ್ಟ್ ಜೇಮ್ಸ್ ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್‌ನಲ್ಲಿ. ಬೆಳೆದದ್ದು ಹತ್ತಿರದ ಎಡೆಂಡೇಲ್‌ನ ಹೊಲಮನೆಯಲ್ಲಿ. ಅಂದ್ರೆ ನಮ್ಮ ಹಾಗೇ ರೈತರ ಮನೆ ಹುಡುಗ. ಅವಳಿಯಾಗಿ ಹುಟ್ಟಿದ ತಂಗಿ ಹುಟ್ಟುವಾಗಲೇ ತೀರಿಕೊಂಡಳು. ಈ ಕೂಸು ಕೂಡ ಎರಡು ವರ್ಷದ ಮೇಲೆ ಬದುಕೋದು ಕಷ್ಟ ಅಂತ ಡಾಕ್ಟರು ಹೇಳಿದ್ದರಂತೆ. ಆ ಕೂಸು ಬದುಕಿದ್ದಷ್ಟೇ ಅಲ್ಲ, ಅಪ್ಪ ಎಷ್ಟು ಬೈದರೂ ಮನೆಯಲ್ಲಿದ್ದ ಅತಿ ವೇಗದ ಕುದುರೆ ಹತ್ತಿ ಹೊಲದ ತುಂಬ ಓಡಿಸ್ತಿತ್ತು.

1920ರಲ್ಲಿ, 21ನೇ ವಯಸ್ಸಿಗೆ, ಮನ್ರೋ ಒಂದು ಇಂಡಿಯನ್ ಸ್ಕೌಟ್ ಕೊಂಡ. ಇಂಡಿಯನ್ ಅಂದ ಕೂಡಲೆ ನಮ್ಮ ದೇಶದ್ದು ಅಂದ್ಕೋಬೇಡಿ, ಅದು ಅಮೆರಿಕದ ಕಂಪನಿ; ಹೆಸರು ಅಲ್ಲಿನ ಮೂಲನಿವಾಸಿಗಳದ್ದು. ಸುಮಾರು 600 ಸಿಸಿ ವಿ-ಟ್ವಿನ್ ಎಂಜಿನ್, ಕೈಯಲ್ಲಿ ಹಾಕುವ ಮೂರು ಗೇರು. ಕಂಪನಿಯಿಂದ ಬಂದಾಗ ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 89 ಕಿಲೋಮೀಟರ್. ಇವತ್ತು ನಮ್ಮ ಕಾಲೇಜ್ ಪಾರ್ಕಿಂಗ್‌ನಲ್ಲಿ ನಿಂತಿರೋ 100 ಸಿಸಿ ಬೈಕೂ ಅಷ್ಟು ಓಡುತ್ತೆ.

ಬೇರೆಯವರಾಗಿದ್ದರೆ ನಾಲ್ಕೈದು ವರ್ಷ ಓಡಿಸಿ ಹೊಸದು ತಗೊಳ್ತಿದ್ದರು. ಮನ್ರೋ 1926ರಲ್ಲಿ ಅದೇ ಗಾಡಿಯನ್ನು ಬಿಚ್ಚಿ ತಿದ್ದೋಕೆ ಶುರು ಮಾಡಿದ. ಆತ ಎಂಜಿನಿಯರಿಂಗ್ ಓದಿದವನಲ್ಲ. ಹಗಲು ಬೈಕ್ ಮಾರುವ, ರಿಪೇರಿ ಮಾಡುವ ಕೆಲಸ. ಎಷ್ಟೋ ಸಲ ರಾತ್ರಿಯೆಲ್ಲ ತನ್ನ ಗಾಡಿ ಮುಂದೆ ಕೂತು ಬೆಳಿಗ್ಗೆ ಹಾಗೇ ಕೆಲಸಕ್ಕೆ ಹೋಗ್ತಿದ್ದ.

ದುಡ್ಡು ಇರಲಿಲ್ಲ. ಅದಕ್ಕೆ ಭಾಗಗಳನ್ನು ತಾನೇ ಮಾಡ್ಕೊಂಡ. ಹಳೇ ತಗಡಿನ ಡಬ್ಬಿಯಲ್ಲಿ ಕರಗಿದ ಲೋಹ ಸುರಿದು ಪಿಸ್ಟನ್ ಎರಕ ಹೊಯ್ದ. ಹಳೇ ಎರಕದ ಕಬ್ಬಿಣದ ಪೈಪ್ ಕೊರೆದು ಸಿಲಿಂಡರ್ ಬ್ಯಾರೆಲ್ ಮಾಡಿದ. ಟ್ರ್ಯಾಕ್ಟರ್ ಆಕ್ಸಲ್‌ನ ಉಕ್ಕನ್ನು ಕೈಯಿಂದಲೇ ಕೊರೆದು, ಉಜ್ಜಿ ಕನೆಕ್ಟಿಂಗ್ ರಾಡ್ ಮಾಡಿದ. ಫ್ಲೈವೀಲ್, ಆಯಿಲ್ ಹರಿಯುವ ವ್ಯವಸ್ಥೆ ಕೂಡ ಆತನದ್ದೇ. ಅಳತೆ ನೋಡಲು ಗಾಲಿಯ ಹಳೇ ಸ್ಪೋಕ್‌ನಿಂದ ಮೈಕ್ರೋಮೀಟರ್ ಮಾಡ್ಕೊಂಡಿದ್ದ. ನಮ್ಮ ಲ್ಯಾಬಿನಲ್ಲಿ ಡಿಜಿಟಲ್ ವರ್ನಿಯರ್ ಇದ್ದೂ ಮೂರು ಜನ ಮೂರು ರೀಡಿಂಗ್ ಬರೀತೀವಿ, ಬಿಡಿ.

ದೊಡ್ಡ ಬದಲಾವಣೆ ಅಂದ್ರೆ ವಾಲ್ವ್‌ಗಳದ್ದು. ಮೂಲ ಸ್ಕೌಟ್ ಸೈಡ್ ವಾಲ್ವ್ ಎಂಜಿನ್. ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿ ಇರುತ್ತವೆ. ಹಾಗಾಗಿ ಪೆಟ್ರೋಲ್-ಗಾಳಿ ಮಿಶ್ರಣ ಸುತ್ತು ಹಾಕಿಕೊಂಡು ಒಳಗೆ ಬರಬೇಕು, ಉರಿಯುವ ಜಾಗ ಅಗಲವಾಗಿ ಚಪ್ಪಟೆ ಆಗುತ್ತೆ, ಕಂಪ್ರೆಶನ್ ಹೆಚ್ಚಿಸೋದು ಕಷ್ಟ. ಮನ್ರೋ ವಾಲ್ವ್‌ಗಳನ್ನು ಸಿಲಿಂಡರ್ ತಲೆ ಮೇಲೆ ಕೂರಿಸಿದ. ಅಂದ್ರೆ ಓವರ್‌ಹೆಡ್ ವಾಲ್ವ್ ಎಂಜಿನ್ ಮಾಡಿದ, ಅದೂ ಮನೆಯಲ್ಲೇ.

ಇದೆಲ್ಲ ಒಂದೇ ಸಲಕ್ಕೆ ಆಗಲಿಲ್ಲ. ಪಿಸ್ಟನ್ ಕರಗಿದವು, ರಾಡ್ ಮುರಿದವು, ಬ್ಯಾರೆಲ್ ಒಡೆದವು. ಮುರಿದದ್ದನ್ನು ಆತ ಎಸೀತಿರಲಿಲ್ಲ. ಗ್ಯಾರೇಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟು, ಇವು ವೇಗದ ದೇವರಿಗೆ ಕೊಟ್ಟ ನೈವೇದ್ಯ ಅನ್ನೋ ಅರ್ಥದ ಬರಹ ಹಾಕಿದ್ದ. ಒಂದೊಂದು ಮುರಿದ ಭಾಗವೂ ಒಂದೊಂದು ಲೆಕ್ಕ: ಇಲ್ಲಿ ಲೋಹ ಸಾಲದು, ಇಲ್ಲಿ ಆಯಿಲ್ ತಲುಪಿಲ್ಲ ಅಂತ.

1938ರಲ್ಲಿ ನ್ಯೂಜಿಲೆಂಡಿನ ಮೊದಲ ದಾಖಲೆ ಮಾಡಿದ. ಆಮೇಲೆ ಇನ್ನೂ ಏಳು. ಆದರೆ ಸಿನಿಮಾದ ತರ ಎಲ್ಲ ಚಂದ ಇರಲಿಲ್ಲ. 1927ರಲ್ಲಿ ಮದುವೆಯಾಗಿ ನಾಲ್ಕು ಮಕ್ಕಳಾಗಿದ್ದವು. 1947ರಲ್ಲಿ ವಿಚ್ಛೇದನ ಆಯಿತು. ಅದರ ಬೆನ್ನಿಗೇ ಕೆಲಸ ಬಿಟ್ಟು ಒಂದು ಗ್ಯಾರೇಜಿನಲ್ಲೇ ಇರೋಕೆ ಶುರು ಮಾಡಿದ. ಮಲಗೋದೂ ಅಲ್ಲೇ, ಲೇತ್ ತಿರುಗೋದೂ ಅಲ್ಲೇ. ಇದನ್ನು ದೊಡ್ಡ ತ್ಯಾಗ ಅಂತ ಹೊಗಳೋಕೆ ನನಗೆ ಮನಸ್ಸಿಲ್ಲ. ಒಂದು ಗಾಡಿಗೆ ಅಷ್ಟು ಕೊಟ್ಟವನು ಬೇರೆ ಎಲ್ಲೋ ಕಡಿಮೆ ಕೊಟ್ಟಿರಲೇಬೇಕು.

ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನ್‌ವಿಲ್ ಅನ್ನೋ ಉಪ್ಪಿನ ಬಯಲಿದೆ. ಕಣ್ಣು ಹಾಯಿಸಿದಷ್ಟು ದೂರ ಸಪಾಟು, ಬಿಳಿ. ವೇಗದ ದಾಖಲೆ ಮಾಡುವವರಿಗೆ ಅದೇ ಕಾಶಿ. ಮನ್ರೋ ಅಲ್ಲಿಗೆ ಹತ್ತು ಸಲ ಹೋದ. 1962ರಲ್ಲಿ, 63ನೇ ವಯಸ್ಸಿನಲ್ಲಿ, 850 ಸಿಸಿಗೆ ಹಿಗ್ಗಿಸಿದ ಎಂಜಿನ್ ಇಟ್ಟುಕೊಂಡು ಗಂಟೆಗೆ 288 ಕಿ.ಮೀ. ವೇಗದಲ್ಲಿ ತನ್ನ ವರ್ಗದ ದಾಖಲೆ ಬರೆದ. 1966ರಲ್ಲಿ 920 ಸಿಸಿ ಮಾಡಿಕೊಂಡು ಮತ್ತೆ ಬಂದ.

ಇಲ್ಲಿ ಸ್ವಲ್ಪ ಫ್ಲೂಯಿಡ್ ಮೆಕ್ಯಾನಿಕ್ಸ್ ಸಹಿಸಿಕೊಳ್ಳಿ. ಗಾಳಿಯ ಎಳೆತ ವೇಗದ ವರ್ಗದಷ್ಟು ಏರುತ್ತೆ, ಅದನ್ನು ಮೀರೋಕೆ ಬೇಕಾದ ಪವರ್ ವೇಗದ ಘನದಷ್ಟು. 89ರಿಂದ 305 ಕಿ.ಮೀ.ಗೆ ಹೋಗಬೇಕಂದ್ರೆ ವೇಗ ಸುಮಾರು ಮೂರೂವರೆ ಪಟ್ಟು, ಪವರ್ ಮಾತ್ರ ಸುಮಾರು 40 ಪಟ್ಟು! ಬರೀ ಎಂಜಿನ್‌ನಿಂದ ಅದು ಆಗೋ ಮಾತಲ್ಲ. ಅದಕ್ಕೇ ಮನ್ರೋ ಗಾಡಿಗೆ ಮೀನಿನ ಆಕಾರದ ಉದ್ದ ಹೊದಿಕೆ ಮಾಡಿ, ಅದರೊಳಗೆ ಹೊಟ್ಟೆ ಮೇಲೆ ಮಲಗಿ ಓಡಿಸ್ತಿದ್ದ.

1967ರಲ್ಲಿ ಮನ್ರೋ ಅಜ್ಜನಿಗೆ 68 ವರ್ಷ, ಗಾಡಿಗೆ 47. ಎಂಜಿನ್ ಈಗ ಸುಮಾರು 950 ಸಿಸಿ. ದಾಖಲೆ ಅಂದ್ರೆ ಒಂದು ಸಲ ಜೋರಾಗಿ ಓಡಿದರೆ ಸಾಲದು. ಎರಡೂ ದಿಕ್ಕಿಗೆ ಓಡಿ ಸರಾಸರಿ ತೆಗೀತಾರೆ. ಆ ಸರಾಸರಿ ಗಂಟೆಗೆ 183.586 ಮೈಲಿ ಬಂತು, ಅಂದ್ರೆ 295 ಕಿ.ಮೀ. ಮೇಲೆ. ಅರ್ಹತೆಗಾಗಿ ಓಡಿದ ಒಂದು ಓಟದಲ್ಲಂತೂ 305 ಕಿ.ಮೀ. ಮುಟ್ಟಿತ್ತು. ಅಂದ್ರೆ ಒಂದು ಮೈಲಿಗೆ 19 ಸೆಕೆಂಡ್. 1000 ಸಿಸಿ ಒಳಗಿನ ತನ್ನ ವರ್ಗದಲ್ಲಿ ಆ ದಾಖಲೆ ಇನ್ನೂ ಮುರಿದಿಲ್ಲ. ಇನ್ನೊಂದು ತಮಾಷೆ: ಸರಾಸರಿ ತೆಗೆಯುವಾಗ ಲೆಕ್ಕ ತಪ್ಪಿತ್ತು. ಅದನ್ನು ಕಂಡುಹಿಡಿದದ್ದು ಆತನ ಮಗ. 2014ರಲ್ಲಿ ತಿದ್ದಿ 184.087 ಮೈಲಿ, ಅಂದ್ರೆ 296 ಕಿ.ಮೀ. ಅಂತ ಮಾಡಿದರು. ಸತ್ತು 36 ವರ್ಷ ಆದಮೇಲೂ ಮನ್ರೋ ತನ್ನ ವೇಗ ಹೆಚ್ಚಿಸಿಕೊಂಡ!

1977ರಲ್ಲಿ ಆತನಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಹಿಡಿತ ತಪ್ಪಿತು. ಗಾಡಿಗಳು ತನ್ನ ಸೀಮೆ ಬಿಟ್ಟು ಹೋಗಬಾರದು ಅಂತ ಸ್ಥಳೀಯ ಅಂಗಡಿಯವನಿಗೇ ಮಾರಿದ. 1978ರ ಜನವರಿ 6ರಂದು ತೀರಿಕೊಂಡ. ಆ ಸ್ಕೌಟ್ ಇವತ್ತೂ ಇನ್ವರ್‌ಕಾರ್ಗಿಲ್‌ನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಇದೆ. 2005ರಲ್ಲಿ ಆತನ ಬಗ್ಗೆ ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್ ಸಿನಿಮಾ ಬಂತು. ಆ್ಯಂಥನಿ ಹಾಪ್‌ಕಿನ್ಸ್ ಮನ್ರೋ ಆಗಿದ್ದಾರೆ, ಸಿಕ್ಕರೆ ನೋಡಿ.

ಈಗ ನನ್ನ ಕಥೆ. ಯಜ್ಡಿ ಎಂಜಿನ್ ಬಿಚ್ಚಿದೆ, ಬೋರ್ ಮಾಡಿಸಿದೆ, ಹೊಸ ಪಿಸ್ಟನ್, ರಿಂಗ್ ತಂದೆ. ಪುಸ್ತಕದಲ್ಲಿ ಓದಿದ್ದ ಫೋರ್ ಸ್ಟ್ರೋಕ್ ನೆನಪಿನಲ್ಲಿ ರಿಂಗ್‌ಗಳ ಬಾಯಿಯನ್ನು ನನಗೆ ತಿಳಿದ ದಿಕ್ಕಿಗೆ ತಿರುಗಿಸಿ ಬ್ಲಾಕ್ ಇಳಿಸಿದೆ. ಟೂ ಸ್ಟ್ರೋಕ್ ಪಿಸ್ಟನ್‌ನಲ್ಲಿ ರಿಂಗ್ ತಿರುಗದಿರಲಿ, ಅದರ ತುದಿ ಪೋರ್ಟ್‌ಗೆ ಸಿಕ್ಕಿಕೊಳ್ಳದಿರಲಿ ಅಂತ ಗಾಡಿಯಲ್ಲಿ ಸಣ್ಣ ಪಿನ್ ಇರುತ್ತೆ. ಬಾಯಿ ಸರಿಯಾಗಿ ಅದರ ಮೇಲೇ ಬರಬೇಕು. ನಾನು ಆ ಪಿನ್ ನೋಡೇ ಇರಲಿಲ್ಲ. ಟಕ್ ಅಂತು. ಸೆಮಿಸ್ಟರ್ ಉದ್ದಕ್ಕೂ ಉಳಿಸಿದ್ದ ದುಡ್ಡಿನ ರಿಂಗ್ ಎರಡು ತುಂಡು.

ಆ ಸಂಜೆ ಶೆಡ್ಡಿನಲ್ಲಿ ಮುಖ ಸಪ್ಪಗೆ ಮಾಡ್ಕೊಂಡು ಕೂತಾಗಲೇ ಅಜ್ಜನಿಗೆ ಮನ್ರೋ ಕಥೆ ಹೇಳಿದ್ದು. ಅಜ್ಜ ಪೂರಾ ಕೇಳಿ ದಾಖಲೆ ಬಗ್ಗೆ ಏನೂ ಕೇಳಲಿಲ್ಲ. ಕೈಲಾಗದಿದ್ದಾಗ ಆ ಮನುಷ್ಯ ಗಾಡಿ ಯಾರಿಗೆ ಕೊಟ್ಟ ಅಂತ ಎರಡು ಸಲ ಕೇಳಿದ. ಊರಲ್ಲೇ ಉಳೀತು ಅಂದೆ. ಹೂಂ ಅಂದು ನೆಲದ ಮೇಲಿದ್ದ ರಿಂಗಿನ ತುಂಡುಗಳನ್ನು ಹುಡುಕಿ, ಲುಂಗಿ ತುದಿಯಲ್ಲಿ ಒರೆಸಿ, ಗೋಡೆಯ ಗೂಡಿನಲ್ಲಿ ಇಟ್ಟ.

ಅಪ್ಪ ಯುಗಾದಿವರೆಗೆ ಟೈಮ್ ಕೊಟ್ಟಿದ್ದಾರೆ. ಹೊಸ ರಿಂಗ್ ಬಂದಿದೆ. ಈ ಸಲ ಪಿನ್ ಎಲ್ಲಿದೆ ಅಂತ ಅಜ್ಜನಿಗೂ ತೋರಿಸೇ ಬ್ಲಾಕ್ ಇಳಿಸ್ತೀನಿ.